ಮೂರನೇ ಗುಡ್ಡೆ ಮೀನು

ತಂಗಿ ಊಟ ಬಿಟ್ಟಿದ್ದಾಳೆ ಎಂದು ಅವಳ ಗಂಡ ಫೋನ್ ಮಾಡಿದಾಗ ನಾನು ಶಾಲೆಯ ಮೈದಾನದಲ್ಲಿ ಹುಡುಗಿಯರಿಗೆ ಖೊಖೊ ಆಡಿಸುತ್ತಿದ್ದೆ. ಶ್ರೀನಿವಾಸಪುರ ತಾಲ್ಲೂಕಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ನಾನು ಪಿ.ಟಿ. ಮೇಡಂ. ಕೊರಳಲ್ಲಿ ವಿಷಲ್, ಕಾಲಲ್ಲಿ ಕ್ಯಾನ್ವಾಸ್ ಶೂ, ಮೂಗಿನ ತುದಿಯಲ್ಲಿ ಕೋಪ. ಮಕ್ಕಳು ಬೆನ್ನ ಹಿಂದೆ ನನಗೆ ಏನು ಹೆಸರಿಟ್ಟಿದ್ದಾರೆ ಎಂಬುದು ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

“ಊಟ ಬಿಟ್ಟಿದ್ದಾಳೆ ಅಂದ್ರೆ ಏನಪ್ಪಾ? ಒಂದ್ ಹೊತ್ತಾ, ಎರಡ್ ಹೊತ್ತಾ?” ಎಂದೆ.

“ಮಗು ಹೋದಾಗಿಂದ ಅಕ್ಕಾ. ತಟ್ಟೆ ಮುಂದೆ ಕೂತ್ಕೋತಾಳೆ, ಎರಡು ತುತ್ತು ತಿಂದು ಎದ್ದೋಗ್ತಾಳೆ. ಹೀಗೇ ಆದ್ರೆ ಆಸ್ಪತ್ರೇಲಿ ಮಲಗ್ಸಿ ಮೂಗಲ್ಲಿ ನಳಿಗೆ ಹಾಕ್ಬೇಕಾಗತ್ತೆ ಅಂತ ಡಾಕ್ಟ್ರು ಹೇಳವ್ರೆ. ನನ್ನ ಕೈಲಿ ಆಗ್ತಿಲ್ಲ ಅಕ್ಕಾ.” ಅಷ್ಟು ಹೇಳಿ ಆ ಗಂಡಸು ಫೋನಿನಲ್ಲೇ ಅತ್ತುಬಿಟ್ಟ.

ಅವನು ಮಾಲೂರು ಕಡೆಯ ಗ್ರಾನೈಟ್ ಫ್ಯಾಕ್ಟರಿಯಲ್ಲಿ ಕೆಲಸ ಕಲಿತು ಆಫ್ರಿಕಾದ ನಮೀಬಿಯಾದಲ್ಲಿ ಕಲ್ಲು ಕ್ವಾರಿಯ ಸೂಪರ್‌ವೈಸರ್ ಆಗಿ ಹೋದವನು. ಒಳ್ಳೆಯವನು, ಜೋರಾಗಿ ಮಾತಾಡಲೂ ಬಾರದು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ನನ್ನ ತಂಗಿ ಅಲ್ಲಿ ಬಸುರಾದಳು. ಏಳು ತಿಂಗಳಿಗೆ ಹೆಣ್ಣು ಕೂಸು ಉಸಿರಿಲ್ಲದೆ ಹುಟ್ಟಿತು. ಆಮೇಲೆ ನಾನು ದಿನಾ ಫೋನ್ ಮಾಡಿದರೂ ಅವಳದು ಒಂದೇ ಮಾತು: “ಹೂಂ ಅಕ್ಕಾ, ತಿಂದೆ ಅಕ್ಕಾ.” ನಾನು ನಂಬಿದ್ದೆ. ಅಮ್ಮ ಹೋದ ಮೇಲೆ ಅವಳಿಗೆ ತುತ್ತಿಟ್ಟು ದೊಡ್ಡವಳನ್ನು ಮಾಡಿದ್ದು ಈ ಕೈ. ಈ ಕೈಗೇ ಸುಳ್ಳು ಹೇಳಿದ್ದಳು!

ಬೇಸಿಗೆ ರಜೆ ಶುರುವಾಗುವುದನ್ನೇ ಕಾದೆ. ನನ್ನ ಗಂಡ ವೇಮಗಲ್ಲಿನ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸದವರು. “ಹೋಗ್ಬಾ. ನೀನು ಅಲ್ಲಿಗೆ ಹೋಗ್ದೆ ಇದ್ರೆ ಇಲ್ಲಿ ನನ್ನ ಜೀವ ತೆಗೀತೀಯ” ಎಂದರು. ವಕ್ಕಲೇರಿಯಿಂದ ಅತ್ತೆ ತಮ್ಮ ಹೊಲದ ರಾಗಿಯನ್ನು ಹಿಟ್ಟು ಮಾಡಿಸಿ ಕಳಿಸಿದರು. ಮುಳಬಾಗಿಲು ಕಡೆಯ ನಮ್ಮೂರಿಂದ ಹುಣಸೆಹಣ್ಣು ಬಂತು. ಮೀನು ಸಾರಿನ ಖಾರದ ಪುಡಿಯನ್ನು ನಾನೇ ಹುರಿದು ಕುಟ್ಟಿದೆ. ಸ್ಟಾಫ್ ರೂಮಿನಲ್ಲಿ ಒಬ್ಬರು, “ಪುಡಿ ಯಾಕೆ ಮೇಡಂ, ಅಲ್ಲೇನು ಸಿಗಲ್ವಾ?” ಎಂದರು. ಅಲ್ಲಿ ಸಿಗುವುದನ್ನು ತಿಂದಿದ್ದರೆ ನಾನು ಯಾಕ್ರೀ ಹೋಗುತ್ತಿದ್ದೆ!

ಮೀನು ಸಾರು ಎಂದು ನಾನು ಹಠ ಹಿಡಿದದ್ದಕ್ಕೆ ಕಾರಣವಿತ್ತು. ಬಸುರಿಯಾಗಿದ್ದಾಗ ಅವಳು ಒಮ್ಮೆ ಫೋನಿನಲ್ಲಿ, “ಅಕ್ಕಾ, ನಮ್ಮ ಕೆರೆ ಮೀನಿನ ಸಾರು ತಿನ್ಬೇಕು ಅನ್ನಿಸ್ತೈತೆ ಕಣೇ. ಬಾಯಲ್ಲಿ ನೀರೂರ್ತೈತೆ” ಎಂದಿದ್ದಳು. ಬಾಣಂತನಕ್ಕೆ ಬಾ, ಗಡಿಗೆ ತುಂಬಾ ಮಾಡಿ ಹಾಕ್ತೀನಿ ಎಂದು ನಾನು ನಕ್ಕಿದ್ದೆ. ಆ ಬಯಕೆ ಹಾಗೇ ಉಳಿದುಹೋಯಿತು. ಅದೊಂದು ಮುಳ್ಳಾಗಿ ನನ್ನ ಗಂಟಲಲ್ಲಿ ನಿಂತಿತ್ತು.

ನಮ್ಮೂರ ಕೆರೆಯ ವಿಷಯ ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದು, ಹರಾಜು ಹಿಡಿದವನು ಮೀನೆಲ್ಲ ಸಾಗಿಸಿಕೊಂಡು ಹೋದ ಮೇಲೆ, ಉಳಿದದ್ದು ಊರಿಗೆ. ಅಂದು ಗಂಡಸರು ಹೆಂಗಸರು ಮಕ್ಕಳು ಎನ್ನದೆ ಎಲ್ಲರೂ ಕೆಸರಿಗಿಳಿಯುತ್ತಿದ್ದೆವು. ಹಿಡಿದ ಮೀನನ್ನು ಯಾರೂ ನೇರವಾಗಿ ಮನೆಗೆ ಒಯ್ಯುವ ಹಾಗಿಲ್ಲ. ಎಲ್ಲವನ್ನೂ ಏರಿಯ ಮೇಲೆ ಹುಣಸೆಮರದ ಕೆಳಗೆ ಸುರಿಯಬೇಕು. ನಮ್ಮ ತಾತ ಅದನ್ನು ಗುಡ್ಡೆ ಹಾಕಿ ಹಂಚುತ್ತಿದ್ದ, ಒಲೆಗೊಂದು ಗುಡ್ಡೆ. ಯಾವ ಮನೆಯಲ್ಲಿ ಬಸುರಿ ಇದ್ದಾಳೋ ಆ ಮನೆಗೆ ಇನ್ನೊಂದು ಗುಡ್ಡೆ. ಪ್ರತಿ ಗುಡ್ಡೆ ಇಡುವಾಗಲೂ ಗಟ್ಟಿಯಾಗಿ ಹೇಳುತ್ತಿದ್ದ: “ಇದು ಈ ಒಲೆಗೆ. ಇದು ಆ ಒಲೆಗೆ. ಇದು ಹೊಟ್ಟೆಯೊಳಗಿನ ಕೂಸಿಗೆ.” ಬಾಯಲ್ಲಿ ಹೇಳಿ ಇಟ್ಟ ಗುಡ್ಡೆಯನ್ನು ಮತ್ತೆ ಯಾರೂ ಎತ್ತಿ ಬೇರೆ ಗುಡ್ಡೆಗೆ ಸೇರಿಸುವ ಹಾಗಿಲ್ಲ. ತಾತನ ಪಕ್ಕದಲ್ಲಿ ಕೂತು ಮೀನು ಎತ್ತಿ ಕೊಡುತ್ತಿದ್ದವಳು ನಾನು. ಅವನ ಜೊತೆ ನಾನೂ ಅದೇ ಮಾತನ್ನು ಹಾಡಿನಂತೆ ಹೇಳುತ್ತಿದ್ದೆ.

ತಂಗಿ ಒಂದು ಸಲ ಕೇಳಿದ್ದಳು, “ತಾತಾ, ಹುಟ್ಟೇ ಇಲ್ವಲ್ಲ, ಅದಕ್ಕೂ ಪಾಲಾ?”

“ನಮ್ಮೂರಿಗೆ ಬರ್ತಾ ಐತಲ್ಲಮ್ಮ. ಹಸ್ಕೊಂಡು ಬರಬಾರ್ದು” ಎಂದಿದ್ದ ತಾತ.

ಮೀನು ಹಿಡಿಯುವುದರಲ್ಲಿ ಮಾತ್ರ ನಾನು ದಂಡ. ಕೈ ಅವಳದು. ವರ್ಷವಿಡೀ ಬಿದಿರು ಕೋಲು, ಎರೆಹುಳು ಹಿಡಿದು ತೂಬಿನ ಹತ್ತಿರ ಕೂತಿರುತ್ತಿದ್ದಳು. ಹುಡುಗರಿಗೆಲ್ಲ ಜಿಲೇಬಿ ಮೀನು ಸಿಕ್ಕರೆ ಅವಳಿಗೆ ಕೊರವ ಸಿಗುತ್ತಿತ್ತು. ಅದು ಕೆರೆಯಲ್ಲೇ ಗಟ್ಟಿ ಜೀವದ ಮೀನು, ಎಳೆದರೆ ಎಳೆದವರನ್ನೇ ನೀರಿಗೆ ಕೆಡವುವಂಥದ್ದು.

ನಮೀಬಿಯಾದಲ್ಲಿ ವಿಮಾನ ಇಳಿದಾಗ ಅಲ್ಲಿನ ಅಧಿಕಾರಿಯೊಬ್ಬಳು ನನ್ನ ರಾಗಿ ಹಿಟ್ಟಿನ ಚೀಲವನ್ನು ಮೂರು ಸಲ ತಿರುಗಿಸಿ ನೋಡಿದಳು. ಸಿಮೆಂಟು ಎಂದುಕೊಂಡಳೋ ಏನೋ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಮುಖ ಸಿಂಡರಿಸಿ ಹೋಗು ಎಂದಳು.

ತಂಗಿಯ ಮನೆ ಸಮುದ್ರದ ದಡದ ಸಣ್ಣ ಪಟ್ಟಣದಲ್ಲಿತ್ತು. ಒಂದು ಕಡೆ ಮರಳುಗಾಡು, ಇನ್ನೊಂದು ಕಡೆ ಸಮುದ್ರ, ನಡುವೆ ಒಂದು ಮರವಿಲ್ಲ. ತಂಗಿಯೇ ಬಾಗಿಲು ತೆಗೆದಳು. ಕೈಯೆತ್ತಿ ಕೂದಲು ಸರಿಮಾಡಿಕೊಂಡರೆ ಬಳೆಗಳು ಮೊಣಕೈವರೆಗೆ ಜಾರಿದವು. ಕಣ್ಣಲ್ಲಿ ನೀರು ಬರುತ್ತದೆಂದು ನಾನು ಬೈಯಲು ಶುರುಮಾಡಿದೆ. ನನಗೆ ಅದೊಂದೇ ದಾರಿ ಗೊತ್ತಿರುವುದು.

“ಇದೇನೇ ಇದು, ಒಣಗಿದ್ ಕಡ್ಡಿ ಆಗಿದೀಯ? ಅವನೇನು ನಿನಗೆ ಅನ್ನ ಹಾಕಲ್ವಾ?”

“ಅವರನ್ನ ಅನ್ಬೇಡ ಅಕ್ಕಾ” ಎಂದಳು. ಅಷ್ಟೇ. ಒಳಗೆ ಹೋಗಿ ಮಲಗಿದಳು.

ಮುದ್ದೆ ಮಾಡಿದೆ, ಹುರುಳಿಕಾಳು ಸಾರು ಮಾಡಿದೆ. ಅವಳು ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ತಟ್ಟೆಯಲ್ಲೇ ಇಟ್ಟು ಎದ್ದಳು. ಗದರಿದೆ, ಗೋಗರೆದೆ, ಆಣೆ ಹಾಕಿದೆ. ಚಿಕ್ಕಂದಿನಲ್ಲಿ ಅಮ್ಮ ಹೇಳುತ್ತಿದ್ದ ಹಾಗೆ ತೆಲುಗಿನಲ್ಲಿ “ತಿನವೇ ಬಂಗಾರು” ಎಂದು ತುತ್ತು ಹಿಡಿದೆ. ಬಾಯಿ ತೆರೆದು ತೆಗೆದುಕೊಂಡಳು. ಆಮೇಲೆ ಬಚ್ಚಲಿಗೆ ಹೋಗಿ ಉಗಿದದ್ದು ನನಗೆ ಕೇಳಿಸಿತು. ಮಗುವಿನ ಮಾತನ್ನು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಮನೆಯಲ್ಲಿ ಮೂರು ಜನ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡುತ್ತಿದ್ದೆವು.

ತರಕಾರಿಗೆ ಹೋದಾಗ ಒಂದು ಅಂಗಡಿಯ ಮುಂದೆ ಬೋರ್ಡು ಕಂಡೆ. ದಡದಲ್ಲಿ ನಿಂತು ಮೀನು ಹಿಡಿಯಲು ಕರೆದುಕೊಂಡು ಹೋಗುತ್ತಾರಂತೆ. ಗಾಡಿ, ಕೋಲು, ಜೊತೆಗೊಬ್ಬ ಗೈಡು, ಎಲ್ಲಾ ಅವರದೇ. ನನ್ನ ತಲೆಯಲ್ಲಿ ದೀಪ ಹತ್ತಿತು. ಅಂಗಡಿಯ ಮೀನಿನಲ್ಲಿ ಸಾರು ಮಾಡಿ ಆಗಿತ್ತು, ಅವಳು ಮೂಸಿಯೂ ನೋಡಿರಲಿಲ್ಲ. ಕಣ್ಣ ಮುಂದೆ ನೀರಿಂದ ಎದ್ದು ಬಂದ ಮೀನಾದರೆ?

“ಬುಕ್ ಮಾಡಪ್ಪಾ” ಎಂದೆ ಅವಳ ಗಂಡನಿಗೆ.

“ಅವಳು ಮನೆ ಬಿಟ್ಟು ಹೊರಗೇ ಬರಲ್ಲ ಅಕ್ಕಾ.”

“ಬರ್ತಾಳೆ. ಬರ್ದೆ ಇದ್ರೆ ಹೊತ್ಕೊಂಡ್ ಬರ್ತೀನಿ. ಈಗ ಅವಳೆಷ್ಟು ಭಾರ ಇದಾಳೆ?”

ಅವನು ಅರ್ಧ ನಗುತ್ತಲೇ ಆ ಅಂಗಡಿಗೆ ಫೋನ್ ಮಾಡಿದ.

ಹೊರಟದ್ದು ಬೆಳಿಗ್ಗೆ. ಮಂಜು ಮುಸುಕಿತ್ತು. ನಾನು ಟ್ರ್ಯಾಕ್ ಸೂಟಿನ ಮೇಲೆ ಸ್ವೆಟರು, ಹೆಗಲಿಗೊಂದು ಶಾಲು, ತಲೆಗೆ ಮಂಕಿ ಕ್ಯಾಪು, ಅಭ್ಯಾಸಬಲದಿಂದ ಕೊರಳಲ್ಲಿ ವಿಷಲ್. ಗ್ಯಾಸ್ ಒಲೆ, ಪಾತ್ರೆ, ಖಾರದ ಪುಡಿ, ನೆನೆಸಿದ ಹುಣಸೆ, ಬಟ್ಟೆಯಲ್ಲಿ ಸುತ್ತಿದ ಬಿಸಿ ಮುದ್ದೆ ಎಲ್ಲವನ್ನೂ ಗಾಡಿಗೆ ತುಂಬಿದೆ. ತಂಗಿ ಶಾಲು ಹೊದ್ದು ಹಿಂದಿನ ಸೀಟಿನಲ್ಲಿ ಕೂತಳು. ನಾನು ರಂಪ ಮಾಡುತ್ತೇನೆಂದು ಹೆದರಿ ಬಂದಿದ್ದಳು, ಅಷ್ಟೇ.

ಗೈಡು ಅಲ್ಲಿಯವನೇ, ಎತ್ತರದ ಗಂಭೀರ ಮನುಷ್ಯ. ಒಂದು ಮನೆಯಿಲ್ಲ, ಒಂದು ಮನುಷ್ಯನಿಲ್ಲ, ಅಂಥ ದಡದಲ್ಲಿ ಟೈರಿನ ಗಾಳಿ ಇಳಿಸಿಕೊಂಡು ಮರಳ ಮೇಲೆ ಗಾಡಿ ಓಡಿಸಿದ. ಒಂದು ಕಡೆ ನಿಲ್ಲಿಸಿ ನೀರನ್ನೇ ನೋಡಿದ. ಅಲೆ ಎಲ್ಲಿ ಒಡೆಯುತ್ತದೆ, ಎಲ್ಲಿ ಒಡೆಯುವುದಿಲ್ಲ, ಒಡೆಯದ ಕಡೆ ಆಳ ಇರುತ್ತದೆ, ಮೀನು ಅಲ್ಲಿ ಓಡಾಡುತ್ತದೆ ಎಂದು ವಿವರಿಸಿದ. ಎರಡಾಳೆತ್ತರದ ಕೋಲುಗಳು, ಒಳಕ್ಕೆ ಬಾಗಿದ ಗಾಳ, ಅದಕ್ಕೆ ತೆಳು ದಾರದಲ್ಲಿ ಸುತ್ತಿ ಕಟ್ಟಿದ ಸಣ್ಣ ಮೀನಿನ ತುಂಡು. ಬೀಸಿ ಎಸೆದು, ಮರಳಲ್ಲಿ ನೆಟ್ಟ ಕೊಳವೆಗೆ ಕೋಲು ಸಿಕ್ಕಿಸಿದ.

“ಮೇಡಂ, ಕಚ್ಚಿದಾಗ ಜಗ್ಗಬೇಡಿ. ಸುಮ್ಮನೆ ರೀಲು ಸುತ್ತಿ. ಈ ಗಾಳ ತಾನಾಗಿ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಜಗ್ಗಿದರೆ ಹೊರಗೆ ಬರುತ್ತದೆ” ಎಂದು ಇಂಗ್ಲಿಷಿನಲ್ಲಿ ಹೇಳಿದ.

“ಓಕೆ, ಓಕೆ” ಎಂದೆ. ತಂಗಿ ಗಾಡಿಯಿಂದ ಇಳಿಯಲಿಲ್ಲ. ಕಿಟಕಿ ಅರ್ಧ ಇಳಿಸಿ ಸಮುದ್ರದ ಕಡೆ ನೋಡುತ್ತಿದ್ದಳು. ಅದನ್ನು ನೋಡುತ್ತಿದ್ದಳೋ, ಏನನ್ನು ನೋಡುತ್ತಿದ್ದಳೋ.

ಕೋಲಿನ ತುದಿ ಕುಣಿಯಿತು. ಕೈಗೆ ತೆಗೆದುಕೊಂಡೆ. ಗಟ್ಟಿಯಾಗಿ ಒಂದು ಎಳೆತ. ನಮ್ಮ ಕೆರೆಯಲ್ಲಿ ಬೆಂಡು ಮುಳುಗಿದ ಕೂಡಲೇ ಏನು ಮಾಡುತ್ತೇವೆ? ಕೋಲನ್ನು ಜಗ್ಗಿ, ಮೀನನ್ನು ತಲೆಯ ಮೇಲಿಂದ ಹಾರಿಸಿ ಏರಿಯ ಆಚೆ ಬೀಳಿಸುತ್ತೇವೆ. ಕೋಲಾರ ಜಿಲ್ಲೆಯಲ್ಲಿ ಹುಟ್ಟಿದ ಯಾವ ಕೈಗಾದರೂ ಅದೇ ಗೊತ್ತಿರುವುದು. ನಾನೂ ಹಾಗೇ ಎರಡು ಕೈಯಲ್ಲಿ ಬಲ ಬಿಟ್ಟು ಜಗ್ಗಿದೆ. ದಾರ ಸಡಿಲವಾಯಿತು, ನಾನು ಹಿಂದಕ್ಕೆ ಮಗುಚಿ ಮರಳಲ್ಲಿ ಕೂತೆ.

“ಮೇಡಂ!” ಎಂದು ಗೈಡು ತಲೆಯ ಮೇಲೆ ಕೈಹೊತ್ತ.

ಎರಡನೆಯ ಸಲವೂ ಜಗ್ಗಿದೆ. ಮೂರನೆಯ ಸಲವೂ ಅಷ್ಟೇ. ಗೊತ್ತಿದ್ದೂ ಜಗ್ಗುತ್ತೇನೆ! ಕೈಗೆ ಬುದ್ಧಿ ಹೇಳಿದರೆ ಕೈ ಕೇಳಬೇಕಲ್ಲ. ಗೈಡು ಕೋಲನ್ನು ತಂಗಿಯ ಗಂಡನ ಕೈಗೆ ಕೊಡಲು ಹೋದ. “ಕೊಡ್ರೀ ಇಲ್ಲಿ” ಎಂದು ಕಸಿದುಕೊಂಡೆ. ನಾಲ್ಕು ಹುಡುಗಿಯರನ್ನು ರಾಜ್ಯಮಟ್ಟಕ್ಕೆ ಕಳಿಸಿದವಳು ನಾನು, ಒಂದು ಮೀನಿಗೆ ಸೋಲುತ್ತೇನಾ? ಬಲಮೊಣಕೈಯನ್ನು ಪಕ್ಕೆಗೆ ಒತ್ತಿ, ಶಾಲಿನಿಂದ ಸೊಂಟಕ್ಕೆ ಬಿಗಿದುಕೊಂಡೆ. ಈಗ ಜಗ್ಗುವುದು ಹೇಗೆ ನೋಡೋಣ! ಅಲೆಯ ತಣ್ಣೀರು ಶೂ ಒಳಗೆ ನುಗ್ಗಿ ಕಾಲು ಮರಗಟ್ಟಿತು. ಬಿಡಲಿಲ್ಲ. ಮುಂದಿನ ಸಲ ತುದಿ ಬಾಗಿದಾಗ ಹಲ್ಲು ಕಚ್ಚಿಕೊಂಡು ಬರೀ ಸುತ್ತಿದೆ. ಬಂತು! ಬೆಳ್ಳಗೆ ಮಿರಮಿರ ಮಿನುಗುವ, ಮೊಳದುದ್ದಕ್ಕೂ ಮೀರಿದ ಮೀನು. ಗೈಡು ಅಳತೆಪಟ್ಟಿ ಹಿಡಿದು ನೋಡಿ, ಇಟ್ಟುಕೊಳ್ಳಬಹುದು ಎಂದ.

“ನೋಡೇ! ನೋಡೇ ಇಲ್ಲಿ!” ಎಂದು ಮೀನು ಎತ್ತಿ ಗಾಡಿಯ ಕಡೆ ತೋರಿಸಿದೆ. ತಂಗಿ ತಲೆ ಆಡಿಸಿದಳು. ಇಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂವರೂ ಸೇರಿ ಹಿಡಿದದ್ದು ಚೆನ್ನಾಗಿಯೇ ಇತ್ತು. ಮಂಜು ಸರಿದು ಬಿಸಿಲು ಬಂದಿತ್ತು. ಗೈಡಿಗೂ ಹೆಂಡತಿ ಮಕ್ಕಳಿದ್ದಾರೆ, ಅವನಿಗೂ ಪಾಲು ಕೊಡಬೇಕು ಎಂದೆ. ಗಾಡಿಯ ಪಕ್ಕದ ಮರಳ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೀನನ್ನು ಕೊಯ್ದು ಶುಚಿ ಮಾಡಿ, ಕುಕ್ಕರಗಾಲಲ್ಲಿ ಕೂತು ತುಂಡುಗಳನ್ನು ಹಂಚಲು ಶುರುಮಾಡಿದೆ. ತಲೆ ತುಂಡು ಒಂದೊಂದು, ನಡು ತುಂಡು ಎರಡೆರಡು, ತಾತ ಹೇಳಿಕೊಟ್ಟ ಲೆಕ್ಕದಲ್ಲಿ. ಗೆದ್ದ ಖುಷಿ ಬೇರೆ. ಕೈ ತನ್ನಷ್ಟಕ್ಕೆ ಓಡುತ್ತಿತ್ತು, ಬಾಯಿಯೂ.

“ಇದು ಆ ಒಲೆಗೆ” ಎಂದು ಗೈಡಿನ ಕಡೆ ಒಂದು ಗುಡ್ಡೆ ಇಟ್ಟೆ. “ಇದು ನಮ್ಮ ಒಲೆಗೆ” ಎಂದು ಇನ್ನೊಂದು. “ಇದು ಹೊಟ್ಟೆಯೊಳಗಿನ ಕೂಸಿಗೆ” ಎಂದು ಮೂರನೆಯದನ್ನೂ ಇಟ್ಟೆ.

ಇಟ್ಟ ಮೇಲೆ ಕಿವಿಗೆ ನನ್ನ ಮಾತು ಬಿತ್ತು.

ತಂಗಿಯ ಗಂಡ ಕೈಯಲ್ಲಿ ನೀರಿನ ಕ್ಯಾನು ಹಿಡಿದು ಹಾಗೇ ನಿಂತಿದ್ದ. ಅರ್ಧ ಇಳಿದಿದ್ದ ಕಿಟಕಿಯ ಗಾಜು ಸರ್ರನೆ ಮೇಲೇರಿತು. ಅಯ್ಯೋ, ನನ್ನ ನಾಲಿಗೆಗೆ ಬೆಂಕಿ ಬೀಳ! ನಾಲ್ಕೈದು ಸಾವಿರ ಮೈಲಿಯೋ ಎಷ್ಟೋ, ಅಷ್ಟು ದೂರದಿಂದ ಬಂದು, ಯಾವ ಮಾತನ್ನು ಆಡಬಾರದೋ ಅದನ್ನೇ ಹಾಡಿನಂತೆ ಆಡಿದ್ದೆ. ಆ ಗುಡ್ಡೆಯನ್ನು ಎರಡನೆಯದಕ್ಕೆ ಸೇರಿಸಿಬಿಡೋಣ ಎಂದು ಕೈ ಚಾಚಿದೆ. ಆಗಲಿಲ್ಲ. ಬಾಯಲ್ಲಿ ಹೇಳಿ ಇಟ್ಟ ಗುಡ್ಡೆ. ಅದನ್ನು ಕಿತ್ತರೆ ಆ ಕೂಸನ್ನು ಇನ್ನೊಂದು ಸಲ ಕಳಿಸಿದ ಹಾಗೆ ಅನ್ನಿಸಿ ಕೈ ಹಿಂದಕ್ಕೆ ಬಂತು. ಮೂರು ಗುಡ್ಡೆಯೂ ಹಾಗೇ ಉಳಿದವು.

“ವಾಪಸ್ ಹೋಗೋಣ ಅಕ್ಕಾ” ಎಂದ ತಂಗಿಯ ಗಂಡ, ಮೆಲ್ಲಗೆ.

ಹೂಂ ಎನ್ನಬೇಕು ಎನ್ನುವಷ್ಟರಲ್ಲಿ ಕೊಳವೆಯಲ್ಲಿದ್ದ ಕೋಲು ಧನುಸ್ಸಿನ ಹಾಗೆ ಬಾಗಿ, ರೀಲು ಕಿರ್ರೆಂದು ಕಿರುಚಿಕೊಂಡಿತು. ಗೈಡು ಓಡಿದ. ನಾನು ಅವನಿಗಿಂತ ಮುಂಚೆ ಓಡಿದೆ. ಏನಾದರೂ ಹಿಡಿದುಕೊಳ್ಳಬೇಕಿತ್ತು ನನಗೆ, ಆ ಗಳಿಗೆಯಲ್ಲಿ.

ಅದು ಎಳೆದ ರಭಸಕ್ಕೆ ನಾಲ್ಕು ಹೆಜ್ಜೆ ನೀರಿನೊಳಗೆ ಹೋದೆ. ಗೈಡು ನನ್ನ ಸೊಂಟಕ್ಕೆ ಪಟ್ಟಿ ಕಟ್ಟಿ, ಕೋಲಿನ ಬುಡವನ್ನು ಅದಕ್ಕೆ ಸಿಕ್ಕಿಸಿ, “ಶಾರ್ಕ್. ದೊಡ್ಡದು. ನನಗೆ ಕೊಡಿ” ಎಂದ. ಕೊಡಲಿಲ್ಲ. ತಂಗಿಯ ಗಂಡ ಕೈ ಹಾಕಲು ಬಂದ. “ಯಾರೂ ಮುಟ್ಬೇಡಿ!” ಎಂದು ಕೂಗಿದೆ. ಎಷ್ಟು ಹೊತ್ತು ಹಾಗೆ ನಿಂತೆನೋ ತಿಳಿಯದು. ತೋಳು ಕಿತ್ತು ಬರುತ್ತಿತ್ತು, ಬೆನ್ನು ಉರಿಯುತ್ತಿತ್ತು. ನಾನು ಎರಡು ಸುತ್ತು ಸುತ್ತಿದರೆ ಅದು ಹತ್ತು ಸುತ್ತು ಎಳೆದುಕೊಂಡು ಹೋಗುತ್ತಿತ್ತು. ಇದು ನನ್ನ ಕೈಗೆ ಬಗ್ಗುವುದಲ್ಲ ಎಂಬುದು ತಿಳಿಯಿತು. ಯಾರ ಕೈಗೆ ಬಗ್ಗುತ್ತದೆ ಎಂಬುದೂ ತಿಳಿದಿತ್ತು.

“ಬಾರೇ ಇಲ್ಲಿ!” ಎಂದು ಗಾಡಿಯ ಕಡೆ ಅರಚಿದೆ. ಗಾಳಿಗೆ ಮಾತು ಹಾರಿಹೋಯಿತು. ಎದೆಯ ಮೇಲೆ ನೇತಾಡುತ್ತಿದ್ದ ವಿಷಲನ್ನು ಗದ್ದದಿಂದ ಮೇಲೆ ತಳ್ಳಿ ಹಲ್ಲಲ್ಲಿ ಕಚ್ಚಿ ಊದಿದೆ. ಉಸಿರು ಮುಗಿಯುವವರೆಗೆ ಊದಿದೆ. ಚಿಕ್ಕವಳಿದ್ದಾಗ ಕೆರೆಯ ಹತ್ತಿರದಿಂದ ಅವಳನ್ನು ಊಟಕ್ಕೆ ಕರೆಯುತ್ತಿದ್ದದ್ದೂ ಹೀಗೇ, ವಿಷಲ್ ಊದಿ.

ಗಾಜು ಇಳಿಯಿತು. ಮುಖ ಕಂಡಿತು.

“ನೀನು ಬರೋವರ್ಗೂ ನಾನು ಬಿಡಲ್ಲ ಕಣೇ! ಎಳ್ಕೊಂಡ್ ಹೋದ್ರೆ ಇದ್ರ ಜೊತೆ ನಾನೂ ಹೋಗ್ತೀನಿ!” ಅಷ್ಟು ಹೇಳುವಷ್ಟರಲ್ಲಿ ವಿಷಲ್ ಬಾಯಿಂದ ಬಿತ್ತು. ಸಿಟ್ಟಿಗೆ, ನೋವಿಗೆ, ಅಭ್ಯಾಸಕ್ಕೆ, ಶಾಲು ಬಿಚ್ಚಿಹೋಗಿದ್ದ ಕೈಯಲ್ಲಿ ಮತ್ತೆ ಬಲವಾಗಿ ಜಗ್ಗಿದೆ.

“ಜಗ್ಗಬೇಡ ಕಣೇ!”

ಅದು ಅವಳ ಧ್ವನಿ. ಎಷ್ಟೋ ದಿನದ ಮೇಲೆ ಕೇಳಿದ ನಿಜವಾದ ಧ್ವನಿ. ಬಾಗಿಲು ತೆಗೆದು ಬರಿಗಾಲಲ್ಲಿ ಓಡಿ ಬರುತ್ತಿದ್ದಳು. “ಸಡ್ಲ ಬಿಡೇ ಅಕ್ಕಾ! ಓಡಕ್ಕೆ ಬಿಡು ಅದನ್ನ! ಅಯ್ಯೋ ನಿನ್ನ ಕೈಗೆ ಯಾರು ಕೊಟ್ರು ಕೋಲ್ನ!” ನೀರಿಗೆ ಇಳಿದವಳೇ ನನ್ನ ಮುಂದೆ ನುಗ್ಗಿ ಕೋಲು ಹಿಡಿದಳು. ಪಟ್ಟಿಯನ್ನು ಗೈಡು ಅವಳ ಸೊಂಟಕ್ಕೆ ಬದಲಾಯಿಸಿದ. ಅವಳು ಬಿದ್ದುಬಿಟ್ಟಾಳೆಂದು ನಾನು ಹಿಂದಿನಿಂದ ತಬ್ಬಿ ಹಿಡಿದೆ. ನನ್ನ ತೋಳಿಗೆ ಅವಳ ಪಕ್ಕೆಲುಬುಗಳು ಒಂದೊಂದಾಗಿ ಸಿಕ್ಕವು.

ಅವಳು ಜಗ್ಗಲಿಲ್ಲ. ಅದು ಓಡಿದರೆ ಓಡಲು ಬಿಟ್ಟಳು, ನಿಂತರೆ ಸುತ್ತಿದಳು. “ಸುಸ್ತಾಗ್ಲಿ. ಅದಕ್ಕೇ ಸುಸ್ತಾಗ್ಲಿ” ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಕೆರೆಯ ತೂಬಿನ ಹತ್ತಿರವೂ ಹೀಗೇ ಹೇಳುತ್ತಿದ್ದಳು. ಅಲೆ ಮಂಡಿಯವರೆಗೆ ಬಂದು ಹೋಗುತ್ತಿತ್ತು. ದಾರ ನೀರಿನ ಮೇಲೆ ಅತ್ತಿಂದಿತ್ತ ಓಡಾಡುತ್ತಿತ್ತು. ಆಗ ಅವಳು, ಹಿಂದೆ ತಿರುಗದೆ, ಸಮುದ್ರವನ್ನೇ ನೋಡುತ್ತಾ ಹೇಳಿದಳು.

“ಅದು ಅಳ್ಲಿಲ್ಲ ಅಕ್ಕಾ.”

ನಾನು ಅವಳನ್ನು ಇನ್ನಷ್ಟು ಬಿಗಿಯಾಗಿ ತಬ್ಬಿದೆ.

“ಅಳ್ತೈತೆ ಅಂತ ಕಾದೆ. ನರ್ಸಮ್ಮ ಬಟ್ಟೇಲಿ ಸುತ್ತಿ ಕೊಟ್ಳು. ಬೆಚ್ಚಗಿತ್ತು ಕಣೇ. ಈಗ ಅಳತ್ತೆ, ಈಗ ಅಳತ್ತೆ ಅಂತ ಕಾಯ್ತಾನೇ ಇದ್ದೆ. ಒಂದ್ಸಲಾನೂ ಅಳ್ಲಿಲ್ಲ. ಕೂದ್ಲು ಎಷ್ಟಿತ್ತು ಗೊತ್ತಾ. ಅಮ್ಮಂದೇ ಕೂದ್ಲು.”

ಹೇಳುತ್ತಾ ಹೇಳುತ್ತಾ ಸುತ್ತುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ನಾನು ಅವಳ ಬೆನ್ನಿಗೆ ಮುಖ ಒತ್ತಿಕೊಂಡು ಅತ್ತೆ. ಪಕ್ಕದಲ್ಲಿ ಅವಳ ಗಂಡ ಪ್ಯಾಂಟು ಸಮೇತ ನೀರಲ್ಲಿ ನಿಂತು, ಮುಖ ಮುಚ್ಚಿಕೊಳ್ಳದೆ ಅಳುತ್ತಿದ್ದ. ಗೈಡಿಗೆ ಮಾತು ಅರ್ಥವಾಗಲಿಲ್ಲ. ವಿಷಯ ಅರ್ಥವಾಯಿತೆಂದು ಕಾಣುತ್ತದೆ, ಟೋಪಿ ತೆಗೆದು ಆಚೆ ನೋಡಿದ.

ಕೊನೆಗೆ ಅದು ದಡಕ್ಕೆ ಬಂತು. ಕಂಚಿನ ಬಣ್ಣದ ಬೆನ್ನು, ನಮ್ಮ ಮನೆ ಬಾಗಿಲಷ್ಟು ಉದ್ದ. ಬಾಲ ಹಿಡಿದು ತೆಳು ನೀರಿಗೆ ಎಳೆದ ಗೈಡು ಇಕ್ಕಳದಿಂದ ಗಾಳ ತೆಗೆದ. ನಾನು ಕಣ್ಣೊರೆಸಿಕೊಂಡು ಲೆಕ್ಕ ಹಾಕುತ್ತಿದ್ದೆ. ಎಷ್ಟು ಸಾರು, ಎಷ್ಟು ಹುರಿದದ್ದು, ಪಾತ್ರೆ ಸಾಲುವುದಿಲ್ಲವಲ್ಲ ಎಂದು. ನೋಡುತ್ತಿದ್ದ ಹಾಗೇ ಅವನು ಅದರ ತಲೆಯನ್ನು ಸಮುದ್ರದ ಕಡೆ ತಿರುಗಿಸಿ ತಳ್ಳಿಬಿಟ್ಟ.

“ಏಯ್! ಏನ್ರೀ ಮಾಡ್ತಿದೀರಾ? ಸ್ಟಾಪ್! ಹಿಡೀರ್ರೀ ಅದನ್ನ!” ಎಂದು ವಿಷಲ್ ಊದಿಕೊಂಡೇ ನೀರಿಗೆ ನುಗ್ಗಿದೆ.

ಶಾರ್ಕನ್ನು ಇಟ್ಟುಕೊಳ್ಳುವುದಿಲ್ಲ, ಹಿಡಿದು ಬಿಡುವುದೇ ಇಲ್ಲಿನ ಪದ್ಧತಿ ಎಂದು ಅವನು ಸಮಾಧಾನದಿಂದ ಹೇಳಿದ.

“ಹಿಡಿದು ಬಿಡೋದಾ? ಬಿಡೋದಾಗಿದ್ರೆ ಯಾಕ್ರೀ ಹಿಡೀಬೇಕಿತ್ತು? ನನ್ನ ತೋಳು ಕಿತ್ತೋಗಿದೆ ಇಲ್ಲಿ! ನಮ್ಮೂರಲ್ಲಿ ಹಿಂಗೇನಾದ್ರೂ ಮಾಡಿದ್ರೆ ಏರಿ ಮೇಲೆ ನಿಲ್ಸಿ ಬಾರಿಸ್ತಾರೆ!” ಕನ್ನಡದಲ್ಲೇ ಬೈದೆ. ಇಂಗ್ಲಿಷಿನಲ್ಲಿ ನನಗೆ ಅಷ್ಟು ಬೈಯಲು ಬರುವುದಿಲ್ಲ. ಗೈಡು ಎರಡು ಕೈ ಮೇಲೆತ್ತಿ ಹಿಂದೆ ಹಿಂದೆ ಸರಿದ.

ಹಿಂದಿನಿಂದ ಒಂದು ಸದ್ದು ಬಂತು. ತಿರುಗಿ ನೋಡಿದೆ. ತಂಗಿ ಒದ್ದೆ ಮರಳಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. “ನಿನ್ನ ಕ್ಯಾಪು ನೋಡ್ಕೋಳೇ ಅಕ್ಕಾ” ಎಂದಳು. ಮಂಕಿ ಕ್ಯಾಪು ತಿರುಗಿ ಒಂದು ಕಣ್ಣು ಮುಚ್ಚಿತ್ತಂತೆ. ನಗುತ್ತಾ ನಗುತ್ತಾ ಕೆಮ್ಮಿದಳು, ಕೆಮ್ಮುತ್ತಾ ಅತ್ತಳು. ನಾನು ಹತ್ತಿರ ಹೋಗಲಿಲ್ಲ. ಅವಳ ಗಂಡ ಹೋಗಿ ಪಕ್ಕದಲ್ಲಿ ಕೂತ.

ಸ್ವಲ್ಪ ಹೊತ್ತಿನ ಮೇಲೆ ಎದ್ದು, ಲಂಗದ ಮರಳು ಕೊಡವಿಕೊಂಡು ಗಾಡಿಯ ಕಡೆ ನಡೆದಳು. ಪ್ಲಾಸ್ಟಿಕ್ ಹಾಳೆಯ ಮುಂದೆ ನಿಂತಳು. ಮೂರು ಗುಡ್ಡೆ ಹಾಗೇ ಇದ್ದವು. ಏನಾದರೂ ಹೇಳಬೇಕೆಂದು ಓಡಿ ಹೋದೆ.

“ಅದು ಬಾಯಿ ತಪ್ಪಿ ಬಂತು ಕಣೇ. ತಾತನ ಜೊತೆ ಹೇಳಿ ಹೇಳಿ…”

ಅವಳು ಕೈ ಎತ್ತಿ ನನ್ನನ್ನು ತಡೆದಳು. ಮೂರನೇ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮರಳು ಹಾರಿ ಬಿದ್ದಿದ್ದ ಒಂದು ತುಂಡನ್ನು ಎತ್ತಿ, ಕ್ಯಾನಿನ ನೀರಲ್ಲಿ ತೊಳೆದು, ಅದೇ ಜಾಗದಲ್ಲಿ ಇಟ್ಟಳು.

“ಇದನ್ನ ಎತ್ತಿ ಆ ಗುಡ್ಡೆಗೆ ಸೇರಿಸ್ಬಿಟ್ಟೆ ಅಂದ್ಕೊಂಡಿದ್ದೆ” ಎಂದಳು.

“ಕೈ ಬರ್ಲಿಲ್ಲ.”

“ನೀನೊಬ್ಳೇ ಕಣೇ ಅಕ್ಕಾ ಅದಕ್ಕೆ ಅಂತ ಏನಾದ್ರೂ ಇಟ್ಟಿದ್ದು. ಎಲ್ರೂ ಅದು ಬಂದೇ ಇರ್ಲಿಲ್ಲ ಅನ್ನೋ ಹಂಗೆ ಇದಾರೆ.” ಗಂಡನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಗುಡ್ಡೆಯನ್ನೇ ನೋಡುತ್ತಿದ್ದಳು. “ಬಸುರಿ ಗುಡ್ಡೆ ಯಾರು ತಿನ್ತಿದ್ರು ನಮ್ಮೂರಲ್ಲಿ?”

“ಇನ್ಯಾರು? ತಾಯೀನೇ.”

“ಹಂಗಾದ್ರೆ ಒಲೆ ಹಚ್ಚು. ನಂಗೆ ಹಸಿವಾಗ್ತೈತೆ.”

ಗಾಳಿಗೆ ಅಡ್ಡವಾಗಿ ಗೈಡು ಗಾಡಿ ತಿರುಗಿಸಿ ನಿಲ್ಲಿಸಿದ. ನಾನು ಗ್ಯಾಸ್ ಒಲೆ ಹಚ್ಚಿ, ಈರುಳ್ಳಿ ಬಾಡಿಸಿ, ಖಾರದ ಪುಡಿ ಹಾಕಿ, ಹುಣಸೆ ರಸ ಹಿಂಡಿ, ಅದು ಮಳ್ಳಿದ ಮೇಲೆ ಎರಡು ಗುಡ್ಡೆಯ ತುಂಡನ್ನೂ ಬಿಟ್ಟೆ. ಎರಡನ್ನೂ ಒಟ್ಟಿಗೆ ಬಿಟ್ಟೆ, ಆದರೆ ಯಾವುದು ಯಾವ ಗುಡ್ಡೆಯದೆಂದು ಅವಳು ಬಗ್ಗಿ ನೋಡುತ್ತಲೇ ಇದ್ದಳು. ಗೈಡಿಗೂ ಒಂದು ತಟ್ಟೆ ಕೊಟ್ಟೆ. ಖ್ಯಾ ಖ್ಯಾ ಎಂದು ಕೆಮ್ಮಿ ಕಣ್ಣಲ್ಲಿ ನೀರು ಹಾಕಿಕೊಂಡ, ಶಾರ್ಕ್ ಬಿಟ್ಟದ್ದಕ್ಕೆ ಅದು ಸರಿಹೋಯಿತು.

ಅವಳು ಗಾಡಿಯ ಚಕ್ರಕ್ಕೆ ಒರಗಿ ಕೂತು, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಆರಿದ ಮುದ್ದೆ ಮುರಿದು ಬಿಸಿ ಸಾರಿನಲ್ಲಿ ಅದ್ದಿ ನುಂಗಿದಳು. ಇನ್ನೊಂದು ತುತ್ತು. ಮುಳ್ಳು ಬಿಡಿಸಿ ಮೀನು. ಮತ್ತೆ ತುತ್ತು. ಮಾತಾಡಿದರೆ ನಿಲ್ಲಿಸಿಬಿಟ್ಟಾಳೆಂದು ಹೆದರಿ ನಾವು ನಮ್ಮ ನಮ್ಮ ತಟ್ಟೆಯನ್ನೇ ನೋಡುತ್ತಾ ತಿಂದೆವು. ಅವಳ ಪಾಲು ಮುಗಿಯಿತು. ಕೈ ನೆಕ್ಕಿದಳು. ನನ್ನ ಕಡೆ ತಟ್ಟೆ ಚಾಚಿದಳು.

“ನಂದು ಆಯ್ತು. ಈಗ ಅವಳ್ದು ಹಾಕು” ಎಂದಳು.